ಹಳೇ ಕಾರಿಗೆ ಗ್ಯಾರೇಜ್ ಸಿಗುತ್ತಿಲ್ಲವೇ? ಮೊದಲು ಒಂದು ಚೀಟಿ ಬರೆಯಿರಿ

ಶಿವಮೊಗ್ಗದ ರವೀಂದ್ರನಗರ, ಗಾಂಧಿನಗರದ ಕಡೆ ಒಂದು ಸುತ್ತು ಹೊಡೆದರೆ ಕವರ್ ಹೊದ್ದು ನಿಂತ ಮಾರುತಿ 800, ಝೆನ್, ಸ್ಯಾಂಟ್ರೊ ಇನ್ನೂ ಕಣ್ಣಿಗೆ ಬೀಳುತ್ತವೆ. ಭದ್ರಾವತಿಯಲ್ಲಿ ಕಾರ್ಖಾನೆ ಕಾಲದ ಅಂಬಾಸಿಡರ್ ಇಟ್ಟುಕೊಂಡ ಮನೆಗಳೂ ಉಂಟು. ಮಾಲೀಕರ ದೂರು ಮಾತ್ರ ಎಲ್ಲೆಡೆ ಒಂದೇ: "ಓಡಿಸೋ ಆಸೆ ಇದೆ, ಯಾವ ಗ್ಯಾರೇಜಿನವರೂ ಮುಟ್ಟಲ್ಲ." ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಪಾರ್ಟ್ಸ್ ಬರಲ್ಲ ಅನ್ನುತ್ತಾರೆ. ಹೊರಗಿನ ಮೆಕ್ಯಾನಿಕ್ "ಟೈಮಿಲ್ಲ ಸಾರ್, ಮುಂದಿನ ವಾರ ನೋಡೋಣ" ಅನ್ನುತ್ತಾನೆ. ಆ ಮುಂದಿನ ವಾರ ಬರುವುದೇ ಇಲ್ಲ.

ಮೆಕ್ಯಾನಿಕ್ ಬೇಡವೆನ್ನುವುದು ಬಹಳಷ್ಟು ಸಲ ಕಾರನ್ನಲ್ಲ, ನಾವು ಕೆಲಸ ಒಪ್ಪಿಸುವ ರೀತಿಯನ್ನು. ಅದನ್ನು ಬದಲಿಸಿಕೊಂಡರೆ ಇದೇ ಊರಲ್ಲಿ ಕೆಲಸ ಆಗುತ್ತದೆ.

ಹಿನ್ನೆಲೆ ಎರಡೇ ಮಾತಿನಲ್ಲಿ. 1983ರಲ್ಲಿ ಬಂದ ಮಾರುತಿ 800 ನಿಂತದ್ದು 2014ರ ಜನವರಿಯಲ್ಲಿ. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಹೀಗಾಗಿ ಹಳೇ ಕಾರು ಎಂದರೆ ಇಪ್ಪತ್ತೈದು ವರ್ಷದ್ದೇ ಆಗಬೇಕಿಲ್ಲ, ಹತ್ತು ವರ್ಷದ ಫಿಗೊ ಕೂಡ ಈ ಸಾಲಿಗೆ ಬಂದಿದೆ. ಇನ್ನು ದೆಹಲಿಯ 10–15 ವರ್ಷದ ನಿಷೇಧದ ಸುದ್ದಿ ಓದಿ ಇಲ್ಲಿ ಕಾರನ್ನು ಗುಜರಿಗೆ ಹಾಕುವವರಿದ್ದಾರೆ. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ. ನೋಂದಣಿ ನವೀಕರಿಸಿಕೊಂಡರೆ ಓಡಿಸಬಹುದು.

ಯಾರ ಹತ್ತಿರ ಹೋಗಬೇಕು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋಗಿ, ಗಾಡಿ ಇಲ್ಲದೆ, ಬರಿಗೈಲಿ. ಯಾವ ಶೆಡ್ಡಿನ ಮುಂದೆ ಹಳೇ ಓಮ್ನಿ, ಹಳೇ 800 ನಿಂತಿವೆ ನೋಡಿ. ನಿಂತಿದ್ದರೆ ಸಾಲದು, ಅವುಗಳ ಟೈರು ನೋಡಿ. ಗಾಳಿ ಇಳಿದು, ಚಕ್ರದ ಬುಡದಲ್ಲಿ ಹುಲ್ಲು ಬೆಳೆದಿದ್ದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ. ನಿಮ್ಮ ಕಾರೂ ಆ ಸಾಲಿಗೆ ಸೇರುತ್ತದೆ.

ಎಸಿ ರೂಮು, ಲ್ಯಾಪ್‌ಟಾಪು ನೋಡಿ ಮರುಳಾಗಬೇಡಿ. 2010ಕ್ಕೂ ಹಿಂದಿನ ಬಹಳಷ್ಟು ಕಾರುಗಳಲ್ಲಿ ಈಗಿನ ಸ್ಕ್ಯಾನರ್ ಸಿಕ್ಕಿಸುವ ಜಾಗವೇ ಇಲ್ಲ, ಇದ್ದರೂ ಅದು ಓದುವುದಿಲ್ಲ. ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಹಿಡಿದು ಕಾರಣ ಹುಡುಕುವವನು ಬೇಕು. ಕಾರ್ಬುರೇಟರ್ ಗಾಡಿಯಾದರೆ ಐವತ್ತು ದಾಟಿದ ಮೆಕ್ಯಾನಿಕ್ಕೇ ಆಗಬೇಕು. ಇಪ್ಪತ್ತೈದರ ಹುಡುಗ ಜಾಣನೇ ಇರಬಹುದು, ಅದನ್ನು ಬಿಚ್ಚಿ ನೋಡಿರುವುದಿಲ್ಲ, ಅಷ್ಟೇ. ಭದ್ರಾವತಿಯವರು ಶಿವಮೊಗ್ಗಕ್ಕೆ ಓಡಿಬರುವ ಮೊದಲು ತಮ್ಮೂರಿನ ಲೇತ್ ವರ್ಕ್ಸ್‌ಗಳಲ್ಲಿ ವಿಚಾರಿಸಲಿ. ಉಕ್ಕಿನ ಕಾರ್ಖಾನೆಯ ಊರು ಅದು, ಕಬ್ಬಿಣ ಬಲ್ಲ ಕೈಗಳು ಅಲ್ಲಿ ಇನ್ನೂ ಇವೆ. ಸವೆದ ಬುಷ್, ತುಂಡಾದ ಸ್ಟಡ್‌ಗೆ ಹೊಸ ಪಾರ್ಟ್ ಸಿಗದಿದ್ದರೆ ಮಾದರಿ ಕೊಟ್ಟು ಕಡೆಸಿಕೊಳ್ಳಬಹುದು. ಯಾವ ಮೆಕ್ಯಾನಿಕ್ ಹಳೇ ಗಾಡಿಯ ಕೆಲಸ ತರುತ್ತಾನೆ ಎಂಬುದು ಲೇತಿನವನಿಗೆ ಗೊತ್ತಿರುತ್ತದೆ.

ಹೋಗುವ ಹೊತ್ತೂ ಮುಖ್ಯ. ಶನಿವಾರ ಸಂಜೆ ಡೆಲಿವರಿ ಗಲಾಟೆ, ಆಗ ಬೇಡ. ಆಯುಧಪೂಜೆಗೆ ಮುಂಚಿನ ಹದಿನೈದು ದಿನ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಟಿಂಕರಿಂಗ್, ಪೇಂಟ್ ಕೆಲಸವನ್ನು ಮಳೆಗಾಲದಲ್ಲಿ ಮಾಡಿಸಲೇಬೇಡಿ. ನಮ್ಮ ಕಡೆಯ ಥಂಡಿಯಲ್ಲಿ ಪುಟ್ಟಿಯ ಅಡಿಗೆ ನೀರಿನ ಪಸೆ ಉಳಿದು, ಮುಂದಿನ ಮಳೆಗಾಲಕ್ಕೆ ಅದೇ ಜಾಗ ಗುಳ್ಳೆ ಏಳುತ್ತದೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಒಳ್ಳೆಯ ಕಾಲ.

'ಎಲ್ಲಾ ನೋಡಿ ಸರಿಮಾಡಿ' ಅನ್ನಬೇಡಿ

ಈ ಲೇಖನ ಬರೆಯಲು ಕಾರಣವೇ ಈ ಮಾತು. ಗಾಡಿ ತಂದು ನಿಲ್ಲಿಸಿ, ಕೀ ಕೊಟ್ಟು, "ಎಲ್ಲಾ ಒಂದ್ಸಲ ನೋಡಿ ಕಂಪ್ಲೀಟ್ ಮಾಡಿಬಿಡಿ, ಎಷ್ಟಾಗುತ್ತೆ ಹೇಳಿ" ಅನ್ನುತ್ತೇವೆ. ನಮಗದು ಉದಾರವಾದ ಮಾತು. ಮೆಕ್ಯಾನಿಕ್ ಕಿವಿಗೆ ಅದು ಜಗಳದ ಮುನ್ಸೂಚನೆ.

ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡಿ. ಸೈಲೆನ್ಸರ್ ಕಡೆಯಿಂದ ಪಟಪಟ ಸದ್ದು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿದೆ. ಗ್ಯಾಸ್ಕೆಟ್ ಬೆಲೆ ಅಲ್ಪ, ಕೆಲಸ ಅರ್ಧ ದಿನದ್ದು. ಆದರೆ ಇಪ್ಪತ್ತು ವರ್ಷ ಬಿಸಿಯಾಗಿ ತಣ್ಣಗಾಗಿ ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ತಿರುಗುವುದಿಲ್ಲ. ಎಣ್ಣೆ ಬಿಟ್ಟು, ಕಾಯಿಸಿ, ಮತ್ತೆ ತಿರುಗಿಸಿದಾಗ 'ಟಿಕ್' ಅಂತ ಸ್ಟಡ್ಡೇ ತುಂಡಾಗಿ ಅರ್ಧ ಭಾಗ ಅಲ್ಯೂಮಿನಿಯಂ ಹೆಡ್ಡಿನೊಳಗೆ ಉಳಿಯುತ್ತದೆ. ಈಗ ಹೆಡ್ ಬಿಚ್ಚಬೇಕು, ಲೇತಿಗೆ ಒಯ್ದು ಡ್ರಿಲ್ ಹಾಕಿಸಿ ಹೊಸ ಸ್ಟಡ್ ಕೂರಿಸಬೇಕು, ಹೆಡ್ ಗ್ಯಾಸ್ಕೆಟ್ ಹೊಸದು, ಕೂಲೆಂಟ್ ಹೊಸದು, ಬಿಚ್ಚಿದ ಮೇಲೆ ಟೈಮಿಂಗ್ ಬೆಲ್ಟ್ ಹಳೆಯದೇ ಹಾಕುವುದೇ? ಅರ್ಧ ದಿನದ ಕೆಲಸ ವಾರಕ್ಕೆ ಹೋಯಿತು. ಮಾಲೀಕರು ಬಂದು ಹೇಳುವುದು: "ಚೆನ್ನಾಗಿದ್ದ ಎಂಜಿನ್ ಬಿಚ್ಚಿ ಹಾಳುಮಾಡಿದ್ರಿ." ಇಂಥ ಒಂದು ಮಾತು ಕೇಳಿದ ಮೆಕ್ಯಾನಿಕ್ ಮುಂದಿನ ಹಳೇ ಕಾರಿಗೆ 'ಟೈಮಿಲ್ಲ' ಎನ್ನದೆ ಇನ್ನೇನು ಹೇಳಿಯಾನು?

ಜಾಗದ ಲೆಕ್ಕವೂ ಇದೆ. ಸಣ್ಣ ಶೆಡ್ಡಿನಲ್ಲಿ ನಿಲ್ಲುವುದು ಮೂರು ಗಾಡಿ. ಅದರಲ್ಲಿ ಒಂದು ಪಾರ್ಟ್ ಬರಲೆಂದು ಎರಡು ವಾರ ಬಿಚ್ಚಿ ಕೂತರೆ, ಆ ಜಾಗದಲ್ಲಿ ಆಗಬೇಕಿದ್ದ ಆಯಿಲ್ ಸರ್ವಿಸ್, ಬ್ರೇಕ್ ಕೆಲಸ ಎಲ್ಲ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಬಿಚ್ಚಿಸಿ, ಎಸ್ಟಿಮೇಟ್ ಕೇಳಿ, ಫೋನ್ ಎತ್ತದೆ ಮಾಯವಾಗುವ ಮಾಲೀಕರ ಕಥೆ ಪ್ರತಿ ಗ್ಯಾರೇಜಿನಲ್ಲೂ ಇದೆ.

ಅದಕ್ಕೇ ಚೀಟಿ. ಒಂದು ಸಲಕ್ಕೆ ಒಂದೇ ದೂರು, ಸ್ಪಷ್ಟವಾಗಿ. ಹೀಗೆ:

"ಮಾರುತಿ 800, 2003, ಎಂಪಿಎಫ್‌ಐ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಅರ್ಧ ಗಂಟೆ ಓಡಿದ ಮೇಲೆ ಸಿಗ್ನಲ್ಲಿನಲ್ಲಿ ನಿಂತರೆ ಆಫ್, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಟೆಂಪರೇಚರ್ ಮುಳ್ಳು ನಡುವೆಯೇ ಇರುತ್ತದೆ. ಹೋದ ವರ್ಷ ಪ್ಲಗ್, ಪೆಟ್ರೋಲ್ ಫಿಲ್ಟರ್ ಬದಲಾಗಿದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೋ ಗೊತ್ತಿಲ್ಲ."

ಇದರಲ್ಲಿ ರೋಗ ಏನೆಂದು ನೀವು ಹೇಳಿಲ್ಲ, ಹೇಳಬಾರದು. "ಕಾಯಿಲ್ ಹೋಗಿದೆ, ಬದಲಿಸಿ" ಎಂದರೆ ಬದಲಿಸುತ್ತಾನೆ, ತೊಂದರೆ ಉಳಿಯುತ್ತದೆ, ದುಡ್ಡು ನಿಮ್ಮದು. 'ಗೊತ್ತಿಲ್ಲ' ಎಂದು ಬರೆಯಲು ಸಂಕೋಚ ಬೇಡ. ಚೀಟಿ ಓದಿದವನಿಗೆ ಎರಡು ವಿಷಯ ತಿಳಿಯುತ್ತದೆ: ಕೆಲಸಕ್ಕೆ ಒಂದು ಕೊನೆ ಇದೆ, ಈ ಗಿರಾಕಿ ಗಾಡಿಯನ್ನು ಗಮನಿಸುತ್ತಾರೆ. ಸಣ್ಣ ಕೆಲಸದಿಂದ ಶುರುಮಾಡಿ, ದುಡ್ಡು ಸರಿಯಾಗಿ ಕೊಟ್ಟು, ತಿಂಗಳು ಬಿಟ್ಟು ಎರಡನೇ ಚೀಟಿ ಒಯ್ಯಿರಿ. ಮೂರನೆಯದಕ್ಕೆ ಅವನೇ ಫೋನ್ ಮಾಡುತ್ತಾನೆ.

ಬ್ರೇಕ್ ಮತ್ತು ಪೆಟ್ರೋಲ್ ಪೈಪಿನ ಕೆಲಸವನ್ನು ಮಾತ್ರ ಸರದಿಗೆ ಕಾಯಿಸಬೇಡಿ, ಅವೇ ಮೊದಲ ಚೀಟಿಯಾಗಲಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪು, ಕಾರ್ಬುರೇಟರ್ ಗಾಡಿಯ ಪೆಟ್ರೋಲ್ ಪಂಪಿನ ಡಯಾಫ್ರಂ ಇದಕ್ಕೆಂದು ಮಾಡಿದವಲ್ಲ. ಬಿರುಕು ಬಿಡುತ್ತವೆ, ಜಿನುಗುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎಥನಾಲ್ ನೀರನ್ನೂ ಹೀರುತ್ತದೆ. ಮಳೆಗಾಲವಿಡೀ ಕವರ್ ಹೊದಿಸಿ ನಿಲ್ಲಿಸಿ, ದಸರಾಕ್ಕೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗದಿರುವುದಕ್ಕೆ ಬ್ಯಾಟರಿಯೊಂದೇ ಕಾರಣ ಇರಲಾರದು.

ಪಾರ್ಟ್ಸ್ ಜವಾಬ್ದಾರಿ ನೀವೇ ಹೊರಿ

"ಪಾರ್ಟ್ ನಾನು ತಂದುಕೊಡ್ತೀನಿ, ತಂದ ಮೇಲೆ ಬಿಚ್ಚಿ" ಎಂದರೆ ಅರ್ಧ ನಿರಾಕರಣೆ ಅಲ್ಲೇ ಕರಗುತ್ತದೆ. ಆದರೆ ತರುವುದನ್ನು ಸರಿಯಾಗಿ ತನ್ನಿ. '800ರ ಕಾರ್ಬುರೇಟರ್ ಕಿಟ್', 'ಝೆನ್ ಕ್ಲಚ್ ಪ್ಲೇಟ್' ಎಂದು ಬಾಯಲ್ಲಿ ಹೇಳಿ ತರಬೇಡಿ. ಒಂದೇ ಹೆಸರಿನಡಿ ಹಲವು ಮಾದರಿ ಬಂದಿವೆ: ಕಾರ್ಬುರೇಟರಿನದು, ಎಂಪಿಎಫ್‌ಐ, ನಾಲ್ಕು ಗೇರಿನದು, ಐದು ಗೇರಿನದು. ಆರ್‌ಸಿಯ ಫೋಟೊ, ಚಾಸಿ ನಂಬರ್, ಬಿಚ್ಚಿದ್ದರೆ ಹಳೇ ಪಾರ್ಟನ್ನೇ ಕೈಯಲ್ಲಿ ಹಿಡಿದು ಹೋಗಿ. ಮಾರುತಿಗೆ ಕಂಪನಿ ಪಾರ್ಟ್ಸ್ ಅಂಗಡಿಯವರು ಚಾಸಿ ನಂಬರ್ ಹಾಕಿ ಸರಿಯಾದ ಪಾರ್ಟ್ ನಂಬರ್ ತೆಗೆಯುತ್ತಾರೆ.

ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೇ ಪಾರ್ಟಿಗಾದರೆ ಶಿವಾಜಿನಗರದ ಗುಜರಿ. ಫೋಟೊ ಕಳಿಸಿ, ಅವರಿಂದಲೂ ಫೋಟೊ ತರಿಸಿಕೊಂಡು, ಆಮೇಲೆ ದುಡ್ಡು ಹಾಕಿ. ಬಸ್ ಪಾರ್ಸೆಲ್ಲಿನಲ್ಲಿ ಬರುತ್ತದೆ. ಬಾಗಿಲು, ಗಾಜು, ಡ್ಯಾಶ್‌ಬೋರ್ಡ್, ಲೈಟಿನ ಚಿಪ್ಪು ಗುಜರಿಯಿಂದ ಧಾರಾಳವಾಗಿ ತನ್ನಿ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಶನ್‌ನ ಯಾವುದನ್ನೂ ಅಲ್ಲಿಂದ ತರಬೇಡಿ. ಅಂಬಾಸಿಡರ್ ಮಾಲೀಕರಿಗೊಂದು ಮಾತು: ಯಾರಾದರೂ ಗಾಡಿ ಕತ್ತರಿಸಲು ಕೊಡುತ್ತಾರೆಂದು ತಿಳಿದರೆ ಇಂದು ಬೇಕಿಲ್ಲದ ಪಾರ್ಟನ್ನೂ ಎತ್ತಿಟ್ಟುಕೊಳ್ಳಿ. ಮನೆಯವರು ಬೈಯುತ್ತಾರೆ, ಬೈಯಲಿ.

ದುಡ್ಡಿನ ಮಾತು

ಹಳೇ ಗಾಡಿಗೆ 'ಒಟ್ಟು ಎಷ್ಟು' ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಬಿಚ್ಚುವವರೆಗೆ ಅವನಿಗೂ ಗೊತ್ತಿರುವುದಿಲ್ಲ. ಬಿಚ್ಚಿ ನೋಡುವ ಕೂಲಿ ಎಷ್ಟು ಎಂದು ಕೇಳಿ, ಅದನ್ನು ಮುಂಗಡವಾಗಿ ಕೊಡಿ. ಕೆಲಸ ಮುಂದುವರಿಸದಿದ್ದರೂ ಆ ಹಣ ಅವನದೇ ಎಂದು ಬಾಯಿಬಿಟ್ಟು ಹೇಳಿ. "ಇಷ್ಟು ಸಾವಿರ ದಾಟುವಂತಿದ್ದರೆ ಕೈಹಾಕುವ ಮೊದಲು ಫೋನ್ ಮಾಡಿ" ಎಂದು ಮಿತಿ ಹಾಕಿ, ಫೋನ್ ಬಂದಾಗ ಎತ್ತಿ. ಬೋಲ್ಟ್ ತುಂಡಾದರೆ ಖರ್ಚು ನನ್ನದು ಎಂದು ಚೀಟಿಯ ಕೆಳಗೆ ಬರೆದುಕೊಡಿ. ಈ ಸಾಲಿನ ಬಲ ಸಣ್ಣದಲ್ಲ. ಕೂಲಿಯಲ್ಲಿ ಚೌಕಾಸಿ ಮಾಡುವುದಿದ್ದರೆ ಹೊಸ ಕಾರಿಗೆ ಮಾಡಿ.

ಬದಲಿಸಿದ ಹಳೇ ಪಾರ್ಟ್‌ಗಳನ್ನು ಚೀಲಕ್ಕೆ ಹಾಕಿಕೊಡಲು ಹೇಳಿ. ಅನುಮಾನಕ್ಕಲ್ಲ, ಮುಂದಿನ ಸಲ ಮಾದರಿಗೆ. ಗಾಡಿ ತರುವ ಮುಂಚೆ ಮೆಕ್ಯಾನಿಕ್ಕನ್ನೇ ಪಕ್ಕಕ್ಕೆ ಕೂರಿಸಿಕೊಂಡು ಆಯನೂರು ಕಡೆ ಎಂಟು–ಹತ್ತು ಕಿಲೊಮೀಟರ್ ಓಡಿಸಿ. ಶೆಡ್ಡಿನ ಮುಂದೆ ರೇಸ್ ಮಾಡಿ ತೋರಿಸಿದ್ದನ್ನು ಟ್ರಯಲ್ ಅನ್ನುವುದಿಲ್ಲ.

ಆರ್‌ಟಿಒ ಕೆಲಸ

ಜಾಗ ಕಡಿಮೆ, ಹಾಗಾಗಿ ಮುಖ್ಯವಾದದ್ದಷ್ಟೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅರ್ಜಿ ಫಾರಂ 25, ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ. 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂ., 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ರೂ.; ಹಸಿರು ತೆರಿಗೆ ಬೇರೆ. ಹೊಗೆ ತಪಾಸಣೆ ಮತ್ತು ವಿಮೆ ಚಾಲ್ತಿಯಲ್ಲಿರಲಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿರಬೇಕು. ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್, ಎಲ್ಲ ಲೈಟು ಆರ್‌ಟಿಒಗೆ ಗಾಡಿ ತೋರಿಸುವ ಹಿಂದಿನ ದಿನವೇ ನೋಡಿಕೊಳ್ಳಿ. ಟಿಂಕರಿಂಗ್ ಮಾಡಿಸುವಾಗ ಚಾಸಿ ನಂಬರ್ ಕೆತ್ತಿದ ಜಾಗದ ಮೇಲೆ ಪುಟ್ಟಿ ಬಳಿಯದಂತೆ ಪೇಂಟರಿಗೆ ಮೊದಲೇ ಹೇಳಿ. ಪೆನ್ಸಿಲ್ ಪ್ರಿಂಟ್ ಬರದಿದ್ದರೆ ಗಾಡಿ ಅಲ್ಲಿಂದಲೇ ವಾಪಸ್.