ಬಿರುಕು ಬಿಟ್ಟ ಇಂಜಿನು, ಗೇರುಪೆಟ್ಟಿಗೆಗೆ ತೋಟದಲ್ಲೇ ತುರ್ತು ದುರಸ್ತಿ

ರೊಬಸ್ಟಾ ತೋಟಕ್ಕೆ ಹೂಮಳೆಯ ಬದಲು ಸ್ಪ್ರಿಂಕ್ಲರ್ ನೀರು ಕೊಡುವ ಫೆಬ್ರವರಿ-ಮಾರ್ಚಿನಲ್ಲೇ ಪಂಪಿನ ಡೀಸೆಲ್ ಇಂಜಿನು ಕೈಕೊಡುವುದು ನಮ್ಮಲ್ಲಿ ಅನೇಕರ ಅನುಭವ. ಅರೆಬರೆ ನೀರು ಬಿದ್ದು ನಿಂತುಹೋದರೆ ಮೊಗ್ಗು ಸರಿಯಾಗಿ ಅರಳದೆ ಆ ವರ್ಷದ ಕಾಯಿಗೇ ಸಂಚಕಾರ. ಪೇಟೆಯ ವರ್ಕ್‌ಷಾಪಿನವರೋ, ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ಎಣ್ಣೆ ಜಿನುಗುವ ಸಣ್ಣ ಬಿರುಕಾದರೆ, ನೀರಿನ ಸುತ್ತು ಮುಗಿಯುವ ತನಕ ಕೆಲಸ ಸಾಗಿಸಲು ದಾರಿಯುಂಟು. ಅಡಿಕೆ ತೋಟದ ಪವರ್ ಟಿಲ್ಲರಿನ ಗೇರುಪೆಟ್ಟಿಗೆ ಕಲ್ಲಿಗೆ ಬಡಿದು ಸೀಳಿದಾಗಲೂ ಇದೇ ಕ್ರಮ.

ಮೊದಲು ಸ್ಥಳ ನೋಡಬೇಕು. ಎಣ್ಣೆತೊಟ್ಟಿಯ ಪಕ್ಕ, ಗೇರುಪೆಟ್ಟಿಗೆಯ ಮುಚ್ಚಳ, ನೀರಿನ ಜಾಕೆಟ್ಟಿನ ಹೊರಮೈ, ಇಷ್ಟಕ್ಕೆ ತೇಪೆ ನಿಲ್ಲುತ್ತದೆ. ಬೇರಿಂಗು ಕೂರುವ ಜಾಗದಲ್ಲಾಗಲಿ, ಬುಡದ ಬೋಲ್ಟಿನ ಕಾಲಿನಲ್ಲಾಗಲಿ, ಸಿಲಿಂಡರ್ ಹೆಡ್ಡಿನಲ್ಲಾಗಲಿ ಬಿರುಕು ಕಂಡರೆ ಇಂಜಿನು ನಿಲ್ಲಿಸಿ ಬಾಡಿಗೆ ಪಂಪು ಹುಡುಕುವುದೇ ಸರಿ. ಅಲ್ಲಿನ ಭಾರವನ್ನೂ ಕಾವನ್ನೂ ಯಾವ ಅಂಟೂ ತಡೆಯದು.

ಬಿರುಕಿನ ತುದಿ ಕಣ್ಣಿಗೆ ಕಾಣುವಲ್ಲಿ ಮುಗಿದಿರುವುದಿಲ್ಲ. ಎಣ್ಣೆ ಬಸಿದು, ಮೈ ಒರೆಸಿ, ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ. ಪೂರ್ತಿ ಒರೆಸಿ ಸೀಮೆಸುಣ್ಣದ ಪುಡಿ ಉಜ್ಜಿದರೆ ಒಳಗಿನ ಎಣ್ಣೆ ಮೇಲೆದ್ದು ಬಿರುಕು ಗೆರೆಯಾಗಿ ಮೂಡುತ್ತದೆ. ಗೆರೆಯ ಎರಡೂ ತುದಿಗೆ 3 ಮಿಲಿಮೀಟರಿನ ತೂತು ಕೊರೆದರೆ ಸೀಳು ಮುಂದೆ ಓಡುವುದಿಲ್ಲ. ಡ್ರಿಲ್ಲಿನ ಮೊನೆಗೆ ಗ್ರೀಸು ಹಚ್ಚಿಕೊಂಡರೆ ಲೋಹದ ಚೂರು ಒಳಗೆ ಬೀಳದೆ ಅದಕ್ಕೇ ಅಂಟುತ್ತದೆ. ನಂತರ ತ್ರಿಕೋನದ ಅರದಿಂದ ಬಿರುಕಿನುದ್ದಕ್ಕೂ ಕಾಲುವೆಯಂತೆ ಕೊರೆದು, ಸುತ್ತ ಒಂದಂಗುಲ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಬೇಕು.

ನಾವು ಮೊದಲ ಸಲ ಕೆಟ್ಟದ್ದು ಇದರ ಮುಂದಿನ ಹಂತದಲ್ಲಿ. ಡೀಸೆಲಿನಲ್ಲಿ ತೊಳೆದು, ಒಣಗಿತೆಂದು ತಿಳಿದು ಎಂ-ಸೀಲ್ ಮೆತ್ತಿದೆವು. ಮಧ್ಯಾಹ್ನದ ಹೊತ್ತಿಗೆ ಅದು ಚಕ್ಕೆಯಾಗಿ ಕಳಚಿ ಕೈಗೆ ಬಂತು. ಡೀಸೆಲು ಜಿಡ್ಡು ಬಿಟ್ಟೇ ಹೋಗುತ್ತದೆ. ಕೊನೆಯ ತೊಳೆತ ಥಿನ್ನರಿನಲ್ಲೇ ಆಗಬೇಕು, ಇಂಜಿನು ತಣ್ಣಗಿರಬೇಕು, ಹತ್ತಿರ ಬೀಡಿ ಕೂಡದು. ಆಮೇಲೆ ಬೆರಳು ತಾಗಿಸಬೇಡಿ, ಬೆರಳಿನಲ್ಲೂ ಜಿಡ್ಡಿದೆ.

ಎಪಾಕ್ಸಿಯ ಎರಡೂ ಭಾಗ ಒಂದೇ ಬಣ್ಣಕ್ಕೆ ಬರುವ ತನಕ ನಾದಿ, ಕಾಲುವೆಯೊಳಕ್ಕೆ ಒತ್ತಿ ತುಂಬಿ, ಮೇಲೆ ಅಗಲವಾಗಿ ಹರಡಿ. ಕೈಗೆ ಚೀಲ ಕಟ್ಟಿಕೊಳ್ಳಿ. ಗಂಟೆಯಲ್ಲಿ ಗಟ್ಟಿಯಾದಂತೆ ಕಂಡರೂ ರಾತ್ರಿಯಿಡೀ ಬಿಡತಕ್ಕದ್ದು. ಮಲೆನಾಡಿನ ಚಳಿಗೆ ಪಕ್ಕದಲ್ಲಿ 100 ವಾಟಿನ ಹಳೇ ಬಲ್ಬು ಉರಿಸಿದರೆ ಒಳ್ಳೆಯದು. ಗಾಳಿಯಾಡುವ ಬ್ರೀದರ್ ಕೊಳವೆ ಕಟ್ಟಿದ್ದರೆ ಒಳಗಿನ ಒತ್ತಡವೇ ತೇಪೆಯನ್ನು ದೂಡುತ್ತದೆ, ಅದನ್ನೂ ಬಿಡಿಸಿ. ಓಡಿಸುವಾಗ ಗಂಟೆಗೊಮ್ಮೆ ಎಣ್ಣೆಯ ಮಟ್ಟ ನೋಡಿ. ನೀರು ಬತ್ತಿ ಕಾದ ಇಂಜಿನಿಗೆ ತಣ್ಣೀರು ಸುರಿಯುವ ಅಭ್ಯಾಸವಿದ್ದರೆ ಇಂದೇ ಬಿಡಿ; ಎಷ್ಟೋ ಜಾಕೆಟ್ಟುಗಳು ಸೀಳುವುದೇ ಹಾಗೆ.

ನೀರಿನ ಸುತ್ತು ಮುಗಿದ ಮೇಲೆ ಬೀಡು ಕಬ್ಬಿಣದ ಕೆಲಸ ಬಲ್ಲವರಲ್ಲಿ ನಿಕ್ಕಲ್ ಕಡ್ಡಿಯಿಂದ ವೆಲ್ಡ್ ಮಾಡಿಸಬೇಕು. ಒಯ್ಯುವ ಮೊದಲು ಎಪಾಕ್ಸಿಯನ್ನು ಪೂರ್ತಿ ಕೆರೆದು ತೆಗೆಯಿರಿ. ಅದು ಉಳಿದಿದ್ದರೆ ವಿಷದ ಹೊಗೆ ಏಳುವುದಲ್ಲದೆ ಬೆಸುಗೆಯೂ ಕೂಡುವುದಿಲ್ಲ.