ಬೀದರಿಗೆ ಬಾ ಎಂದು ಬರೆಯುವುದು

ನಮ್ಮ ಕಡೆ ಮನೆಗೆ ಕರೆಯಲು ಕಾಗದ ಬೇಕಿಲ್ಲ. ‘ಬಾರಪಾ, ಮನಿ ಅದಾ’ ಎಂದರೆ ಸಾಕು. ಆದರೆ ಬರುವವನು ಬೇರೆ ದೇಶದವನಾದರೆ, ನಾವು ಕರೆದಿದ್ದೇವೆ ಎಂಬುದನ್ನು ನಮ್ಮಿಬ್ಬರನ್ನೂ ಕಂಡರಿಯದ ಒಬ್ಬ ಅಧಿಕಾರಿ ಒಪ್ಪಬೇಕಾಗುತ್ತದೆ. ಆಮಂತ್ರಣ ಪತ್ರ ಬರೆಯುವುದು ಗೆಳೆಯನಿಗಲ್ಲ, ಆ ಅಧಿಕಾರಿಗೆ. ಇದಿಷ್ಟು ತಲೆಗೆ ಹೋದರೆ ಉಳಿದದ್ದು ಸಲೀಸು.

ನನ್ನ ಗೆಳೆಯ ಸುಡಾನಿನ ಪಶುವೈದ್ಯ. ಸೌದಿಯ ಹೈನು ಫಾರ್ಮೊಂದರಲ್ಲಿ ಅವನು ದನ ನೋಡುತ್ತಿದ್ದ, ನಾನು ಲೆಕ್ಕ ನೋಡುತ್ತಿದ್ದೆ. ಬೀದರ್, ಲಾತೂರು ಸೀಮೆಯ ದೇವಣಿ ತಳಿಯ ಫೋಟೊ ಒಮ್ಮೆ ತೋರಿಸಿದೆ. ಬಿಳಿ ಮೈ, ಅಲ್ಲಲ್ಲಿ ಕರಿ ಮಚ್ಚೆ, ಜೋತಾಡುವ ಕಿವಿ. ಅಂದಿನಿಂದ ಅವನಿಗೆ ಅದೇ ಧ್ಯಾನ. ನಾನು ಊರಿಗೆ ಮರಳಿ ನೆಲೆಯಾದ ಮೇಲೆ, ರಜೆ ಸಿಕ್ಕಿದೆ, ಬರುತ್ತೇನೆ ಎಂದ. ಉಳಿಯಲು ಬೀದರಿನಲ್ಲಿ ನನ್ನ ಮನೆ, ಭಾಲ್ಕಿಯಲ್ಲಿ ಅಕ್ಕನ ಮನೆ. ಔರಾದಿನಲ್ಲಿ ತಮ್ಮನ ಹೊಲ, ಮನೆ, ಕೊಟ್ಟಿಗೆ ಎಲ್ಲ ಇದೆ.

ಬರೆಯಲು ಕೂರುವ ಮೊದಲು, ಪತ್ರ ಬೇಕೇ ಎಂಬುದನ್ನೇ ನೋಡಿಕೊಳ್ಳಬೇಕು. ಹೆಚ್ಚಿನ ದೇಶಗಳವರಿಗೆ ಈಗ ಭಾರತದ ಇ-ಟೂರಿಸ್ಟ್ ವೀಸಾ ಸಿಗುತ್ತದೆ. ಮೂವತ್ತು ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು ಎಂದು ಬಗೆಗಳಿವೆ. ಗೆಳೆಯರನ್ನು, ನೆಂಟರನ್ನು ನೋಡಿಹೋಗುವುದೂ ಅದರ ಉದ್ದೇಶಗಳಲ್ಲೇ ಸೇರಿದೆ. ಅರ್ಜಿಯಲ್ಲಿ ಭಾರತದ ಪರಿಚಿತರೊಬ್ಬರ ಹೆಸರು, ವಿಳಾಸ, ಫೋನ್ ನಂಬರ್ ತುಂಬುವ ಜಾಗವಿದೆ. ಅನೇಕರ ಕೆಲಸ ಅಷ್ಟರಲ್ಲೇ ಆಗುತ್ತದೆ. ಅರ್ಜಿ ಹಾಕುವುದು ಸರ್ಕಾರದ ತಾಣದಲ್ಲೇ ಆಗಲಿ. ಅದೇ ಮುಖದ ಖಾಸಗಿ ತಾಣಗಳು ದುಪ್ಪಟ್ಟು ಹಣ ಕೀಳುತ್ತವೆ. ನನ್ನ ಗೆಳೆಯನ ಪಾಸ್‌ಪೋರ್ಟಿಗೆ ಆ ಸೌಲಭ್ಯ ಇರಲಿಲ್ಲ. ರಾಯಭಾರ ಕಚೇರಿಯ ಕಾಗದದ ವೀಸಾವೇ ಗತಿ. ಅದಕ್ಕೆ ಪತ್ರ ಕೇಳಿದರು.

ಕೋರ್ಟಿನ ಹತ್ತಿರದ ಟೈಪಿಸ್ಟ್ ಹುಡುಗ ಅರ್ಧ ತಾಸಿನಲ್ಲಿ ಎರಡು ಪುಟ ಹೊಡೆದುಕೊಟ್ಟ. ಬರುವವನು ನನ್ನ ಸಹೋದರ ಸಮಾನ, ಅವನ ಸಕಲ ಖರ್ಚು ನನ್ನದು, ಅವನ ನಡತೆಗೆ ನಾನೇ ಹೊಣೆ, ಅವಧಿ ಮುಗಿದೊಡನೆ ವಾಪಸ್ ಕಳಿಸುವ ಭಾರವೂ ನನ್ನದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ. ‘ಕಾಕಾ, ಇಷ್ಟು ಬರದ್ರೇನೇ ಸಾಹೇಬ್ರು ನಂಬ್ತಾರ್ರಿ’ ಎಂದ. ನನಗೆ ನಂಬಿಕೆ ಬರಲಿಲ್ಲ. ವಿಮಾನದ ಟಿಕೆಟ್ ಗೆಳೆಯನೇ ತೆಗೆಯುವವನು, ಸಂಬಳ ನನಗಿಂತ ಮೂರು ಪಟ್ಟು. ಸಕಲ ಖರ್ಚು ನನ್ನದೆಂದು ಬರೆದು, ಬ್ಯಾಂಕ್ ಪಾಸ್‌ಬುಕ್ ತೋರಿಸಿ ಎಂದರೆ ಅದರಲ್ಲಿ ಏನಿದೆ? ಒಬ್ಬ ವಯಸ್ಕನನ್ನು ವಿಮಾನ ಹತ್ತಿಸುವ ಅಧಿಕಾರವೂ ನನಗಿಲ್ಲ. ಟೈಪಿಂಗ್ ಹಣ ಕೊಟ್ಟು ಆ ಹಾಳೆಗಳನ್ನು ಜೇಬಿಗಿಟ್ಟುಕೊಂಡು ಬಂದೆ.

ಮನೆಯಲ್ಲಿ ಕೂತು ಬರೆದದ್ದು ಒಂದು ಪುಟ. ಮೇಲೆ ತಾರೀಖು, ರಿಯಾದ್‌ನ ಭಾರತೀಯ ರಾಯಭಾರ ಕಚೇರಿಯ ವೀಸಾ ಅಧಿಕಾರಿಗೆ ಎಂಬ ಒಕ್ಕಣೆ. ನಾನು ಯಾರು, ಏನು ಕೆಲಸ, ಎಲ್ಲಿ ವಾಸ. ಅವನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಪೂರ್ತಿ, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ. ನಮ್ಮ ಪರಿಚಯ ಎಲ್ಲಿ, ಯಾವಾಗ. ಬರುವ ದಿನ, ಹೋಗುವ ದಿನ, ಯಾವ ರಾತ್ರಿ ಯಾರ ಮನೆಯಲ್ಲಿ. ಊಟ-ವಸತಿ ನನ್ನದು, ಪ್ರಯಾಣದ ಖರ್ಚು ಅವನದು. ಅವನಿಗೆ ಕೆಲಸವಿದೆ, ಇಂಥ ದಿನದವರೆಗೆ ರಜೆ ಮಂಜೂರಾಗಿದೆ, ಅದರ ಪತ್ರ ಅವನೇ ಲಗತ್ತಿಸುತ್ತಾನೆ. ಅವನು ಮರಳುತ್ತಾನೆ ಎಂಬುದಕ್ಕೆ ನನ್ನ ಆಣೆ-ಪ್ರಮಾಣಕ್ಕಿಂತ ಆ ರಜೆ ಪತ್ರಕ್ಕೇ ತೂಕ ಹೆಚ್ಚು.

ಹೆಚ್ಚು ಯೋಚಿಸಿದ್ದು ‘ಉದ್ದೇಶ’ ಎಂಬ ಸಾಲಿನ ಮೇಲೆ. ‘ದೇವಣಿ ತಳಿಯ ಅಧ್ಯಯನ ಮತ್ತು ಬೀದರಿನ ಪಶು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ’ ಎಂದು ಬರೆಯೋಣ, ವಜನ್ ಬರುತ್ತದೆ ಎಂದು ತಮ್ಮನ ಮಗ ಹೇಳಿದ. ಬೇಡವೆಂದೆ. ಪ್ರವಾಸಿ ವೀಸಾ ಕೇಳುವವನ ಪತ್ರದಲ್ಲಿ ಸಂಶೋಧನೆ, ಉಪನ್ಯಾಸ, ಸಮ್ಮೇಳನ ಎಂಬ ಮಾತು ಬಂದರೆ ಅದು ಬೇರೆಯೇ ವೀಸಾದ ವಿಷಯ. ಅವುಗಳಿಗೆ ಸಂಸ್ಥೆಯ ಪತ್ರ ಬೇಕು, ನನ್ನ ಸಹಿ ನಡೆಯದು. ತಮ್ಮನ ಕೊಟ್ಟಿಗೆಯಲ್ಲಿ ನಿಂತು ಹೋರಿಯ ಬೆನ್ನು ಸವರುವುದಕ್ಕೆ ಸಂಶೋಧನೆ ಎಂಬ ಹೆಸರೇಕೆ? ‘ಗೆಳೆಯನ ಕುಟುಂಬದ ಭೇಟಿ, ಬೀದರ್ ಕೋಟೆ, ಮದರಸಾ, ಅಷ್ಟೂರಿನ ಗುಂಬಜುಗಳ ವೀಕ್ಷಣೆ’ ಎಂದು ಬರೆದೆ. ಅವನು ತನ್ನ ಅರ್ಜಿಯಲ್ಲೂ ಅದನ್ನೇ ತುಂಬಿದ. ಎರಡು ಕಾಗದ ಎರಡು ಮಾತಾಡಿದರೆ ಅನುಮಾನ ಹುಟ್ಟುವುದು ಅಲ್ಲೇ.

ವಿಳಾಸದ ಪಾಡು ನಮ್ಮ ಜಿಲ್ಲೆಯವರಿಗೇ ಗೊತ್ತು. ‘ಚೌಬಾರಾ ಹಿಂದಿನ ಗಲ್ಲಿ’ ಎಂದರೆ ಬೀದರಿನ ಆಟೊದವನು ಕಣ್ಣು ಮುಚ್ಚಿ ತಂದು ಬಿಡುತ್ತಾನೆ, ರಿಯಾದಿನಲ್ಲಿ ಕೂತವರಿಗೆ ಅದು ಏನೂ ಅಲ್ಲ. ಮನೆ ನಂಬರ್, ಬಡಾವಣೆ, ಪಿನ್ ಕೋಡ್ ಬೇಕು. ಔರಾದ್ ಇನ್ನೂ ಪಜೀತಿ. ತಾಲ್ಲೂಕು ಕೇಂದ್ರ ಔರಾದ್ (ಬಿ), ಬೀದರ್ ತಾಲ್ಲೂಕಿನಲ್ಲಿ ಔರಾದ್ (ಎಸ್), ಗಡಿ ದಾಟಿದರೆ ಲಾತೂರು ಜಿಲ್ಲೆಯಲ್ಲಿ ಔರಾದ್ ಶಹಾಜನಿ. ಆವರಣದ ಒಂದು ಅಕ್ಷರ ಬಿಟ್ಟರೆ ಊರೇ ಬೇರೆ, ರಾಜ್ಯವೂ ಬೇರೆ. ದಾಖಲೆಗಳ ಕತೆ ಕೇಳಬೇಡಿ. ಜೆಸ್ಕಾಂ ಬಿಲ್ಲು ತೀರಿಕೊಂಡ ಮುತ್ಯಾನ ಹೆಸರಿನಲ್ಲಿ, ಆಧಾರಿನಲ್ಲಿ ಅಡ್ಡಹೆಸರಿಲ್ಲ, ಪಾಸ್‌ಪೋರ್ಟಿನಲ್ಲಿ ಇದೆ. ಪತ್ರದಲ್ಲಿ ಲಗತ್ತಿಸುವ ದಾಖಲೆಯ ಹೆಸರನ್ನೇ ಬಳಸಿ, ಬಿಲ್ಲಿನಲ್ಲಿರುವವರು ನನ್ನ ತಾತ ಎಂದು ಒಂದು ಸಾಲು ಸೇರಿಸಿದೆ. ಮುಚ್ಚಿಡುವುದಕ್ಕಿಂತ ಹೇಳಿಬಿಡುವುದು ಸುಲಭ.

ಹಾಗೆ ನೋಡಿದರೆ ದೂರದವರನ್ನು ಕಾಗದ ಬರೆದು ಕರೆಯುವುದು ಬೀದರಿಗೆ ಹೊಸದಲ್ಲ. ಬಹಮನಿ ಸುಲ್ತಾನ ಅಹಮದ್ ಶಾಹ ಇರಾನಿನ ಸೂಫಿ ಶಾಹ ನಿಯಾಮತುಲ್ಲಾನನ್ನು ಕರೆಸಲು ಯತ್ನಿಸಿದ. ಅವನು ತಾನು ಬಾರದೆ ಮೊಮ್ಮಗನನ್ನು ಕಳಿಸಿದ. 1431ರಲ್ಲಿ ನಿಯಾಮತುಲ್ಲಾ ತೀರಿದ ಮೇಲೆ ಅವನ ಮಗ ಖಲೀಲುಲ್ಲಾ ಬೀದರಿಗೇ ಬಂದ. ಅಷ್ಟೂರಿಗೆ ಹೋಗುವ ದಾರಿಯ ಎಂಟು ಮೂಲೆಯ ಚೌಖಂಡಿ ಅವನ ಸಮಾಧಿ. 1472ರಲ್ಲಿ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ತಾನೇ ಇರಾನಿನ ಗೀಲಾನಿನಿಂದ ಬಂದವನು. ಪತ್ರ ಬರೆಯುವ ಕಲೆಯ ಮೇಲೆ ‘ಮನಾಜಿರುಲ್ ಇನ್ಶಾ’ ಎಂಬ ಗ್ರಂಥವನ್ನೇ ಬರೆದ. ಅವನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’. ಅಂಥವನು ಹೆರಾತಿನ ಕವಿ ಜಾಮಿಯನ್ನು ಕರೆದರೂ ಜಾಮಿ ಬರಲಿಲ್ಲ. ಅದೇ ಕಾಲದಲ್ಲಿ ರಷ್ಯದ ವ್ಯಾಪಾರಿ ಅಫಾನಾಸಿ ನಿಕಿತಿನ್ ಯಾರೂ ಕರೆಯದೆ ಕುದುರೆ ಮಾರಲು ಬಂದ. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಕುದುರೆ ಕಿತ್ತುಕೊಂಡ. ಖೊರಾಸಾನಿನವನೊಬ್ಬ ನಡುವೆ ಮಾತಾಡಿದ್ದಕ್ಕೆ ಅದು ವಾಪಸ್ ಸಿಕ್ಕಿತು. ಪರಿಚಿತರ ಹೆಸರು ಕೇಳುವ ಅರ್ಜಿಯ ಆ ಜಾಗ ಕಂಡಾಗೆಲ್ಲ ನನಗೆ ಆ ಖೊರಾಸಾನಿ ನೆನಪಾಗುತ್ತಾನೆ.

ಪತ್ರದಲ್ಲಿ ಯಾರ ವಿಳಾಸ ಹಾಕುತ್ತೇವೋ ಅವರಿಗೆ ಮೊದಲೇ ತಿಳಿಸಿರಬೇಕು. ಅಕ್ಕ ‘ಬರ್ಲಿ ಬಿಡು, ಮನಿ ಏನ್ ಸಣ್ಣದು ಅದಾ?’ ಎಂದಳು, ಸರಿ. ಆದರೆ ಅವಳ ಮನೆಯಲ್ಲಿ ಫೋನ್ ಎತ್ತುವವರು ಐದು ಜನ. ಯಾರಾದರೂ ವಿಚಾರಿಸಿದಾಗ ‘ಯಾರ್ ಸುಡಾನಿ? ನಮಗ್ಗೊತ್ತಿಲ್ಲ’ ಎಂದರೆ ಆಯಿತು ಕತೆ. ಅತಿಥಿಯ ಹೆಸರು, ಬರುವ ದಿನ ಬರೆದು ಅಕ್ಕನ, ತಮ್ಮನ ಎರಡೂ ಮನೆಯ ಗೋಡೆಗೆ ಅಂಟಿಸಿ ಬಂದೆ.

ಅವನು ಶಿವರಾತ್ರಿ ಹೊತ್ತಿಗೆ ಹೈದರಾಬಾದಿನಲ್ಲಿ ಇಳಿದ. ಔರಾದಿನಲ್ಲಿ ಅಮರೇಶ್ವರ ಜಾತ್ರೆ ನೋಡಿದ. ತಮ್ಮನ ಹೋರಿಯ ಹಲ್ಲು ಎಣಿಸಿ, ವಯಸ್ಸು ನೀನು ಹೇಳಿದ್ದಕ್ಕಿಂತ ಒಂದು ವರ್ಷ ಹೆಚ್ಚು ಎಂದು ವಾದಕ್ಕೇ ಇಳಿದ. ಬೀದರಿನಲ್ಲಿ ನಾನು ಹೇಳಬೇಕಾಗಿ ಬಂದದ್ದು ಒಂದೇ: ವಿಮಾನ ನಿಲ್ದಾಣ ಇರುವುದು ವಾಯುಪಡೆಯ ನೆಲೆಯಲ್ಲಿ, ಅತ್ತ ಕ್ಯಾಮೆರಾ ತಿರುಗಿಸಬೇಡ.

ಪತ್ರ ಕಳಿಸಿದರೆ ಕರೆದವರ ಕೆಲಸ ಮುಗಿಯುವುದಿಲ್ಲ. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಅವರ ವಿವರ ಸಲ್ಲಿಸಬೇಕು. ಜನ ಫಾರಂ-ಸಿ ಎನ್ನುವ ಇದು ಲಾಡ್ಜಿನವರಿಗಷ್ಟೇ ಅಲ್ಲ, ಮನೆಯಲ್ಲಿ ಇರಿಸಿಕೊಂಡವರಿಗೂ ಅನ್ವಯಿಸುತ್ತದೆ. ಇದನ್ನು ಆನ್‌ಲೈನಿನಲ್ಲಿ ತುಂಬಬಹುದು, ಜಿಲ್ಲೆಯಲ್ಲಿ ನೋಡಿಕೊಳ್ಳುವುದು ಎಸ್ಪಿ ಕಚೇರಿ. ಮನೆ ಬದಲಾದಂತೆ ವಿವರವನ್ನೂ ಬೇರೆಯಾಗಿ ಕೊಡಬೇಕು. ಬೀದರಿನದು ನಾನು ಕೊಟ್ಟೆ, ಭಾಲ್ಕಿಯದು ಅಕ್ಕನ ಮಗ, ಔರಾದಿನದು ತಮ್ಮ. ನೀವೂ ಯಾರನ್ನಾದರೂ ಕರೆಯುವವರಿದ್ದರೆ, ಅತಿಥಿಯ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ನಕಲನ್ನು ಅವರು ಹೊರಡುವ ಮೊದಲೇ ತರಿಸಿ ಇಟ್ಟುಕೊಳ್ಳಿ.