ಊರಿನ ತಂತಿಯಲ್ಲಿ ಬಿಸಿಲು ಮತ್ತು ಗಾಳಿ

1902ನೆಯ ಇಸವಿಯಲ್ಲಿ ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗಳನ್ನು ತಲಪಿತು. ಶಕ್ತಿಯು ಒಂದೆಡೆ ಹುಟ್ಟಿ, ಉದ್ದವಾದ ತಂತಿಗಳಲ್ಲಿ ಹರಿದು, ಮತ್ತೊಂದೆಡೆ ವ್ಯಯವಾಗಬೇಕೆಂಬ ಕ್ರಮ ನಮ್ಮ ನಾಡಿನಲ್ಲಿ ಅಂದಿನಿಂದ ನೆಲೆಗೊಂಡಿತು. ಆದರೆ ಬಿಸಿಲು ಮತ್ತು ಗಾಳಿ ಜಲಪಾತದಂತೆ ಒಂದೇ ಸ್ಥಳಕ್ಕೆ ಸೇರಿದುವಲ್ಲ. ಅವು ಊರೂರಿನಲ್ಲಿಯೂ ಉಂಟು. ಹಾಗಾದರೆ ಬೇಕಾದ ಕಡೆ, ಬೇಕಾದಷ್ಟು ಸೌರಸ್ಥಾವರಗಳನ್ನು ಊರಿನ ತಂತಿಗೆ ಜೋಡಿಸಿಬಿಡಬಹುದೆ? ಈ ಪ್ರಶ್ನೆಯನ್ನು ನಾವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿಗಳ ನೆಲದ ಮೇಲೆ ನಿಂತು ವಿಚಾರಮಾಡೋಣ.

ನೆಲದ ಸ್ವರೂಪ

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳು ಬಯಲುಸೀಮೆಯವು. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಿದ್ದರೂ, ನದಿಯಿಂದ ದೂರವಿರುವ ಹೊಲಗಳಿಗೆ ಮಳೆ ಅಥವಾ ಕೊಳವೆಬಾವಿಯೇ ಗತಿ. ಕೊಳವೆಬಾವಿಯ ನೀರನ್ನು ಮೇಲೆತ್ತುವುದು ವಿದ್ಯುತ್ ಮೋಟಾರು. ಆದಕಾರಣ ಇಲ್ಲಿ ವಿದ್ಯುತ್ತಿನ ಗುಣವು ಬೆಳೆಯ ಅಳಿವು ಉಳಿವಿಗೆ ಸಂಬಂಧಿಸಿದ ವಿಷಯ.

ಉಪಕೇಂದ್ರದಿಂದ ಹೊರಟ 11 ಕಿಲೋವೋಲ್ಟಿನ ತಂತಿಸಾಲಿಗೆ ಫೀಡರು ಎಂದು ಹೆಸರು. ಅದು ಹೊಲಗಳ ನಡುವೆ ಹಲವು ಕಿಲೋಮೀಟರು ಸಾಗಿ, ಹಳ್ಳಿಗರು ಟಿ.ಸಿ. ಎಂದು ಕರೆಯುವ ಪರಿವರ್ತಕಗಳ ಮೂಲಕ ಪಂಪುಸೆಟ್ಟುಗಳಿಗೆ ಶಕ್ತಿಯನ್ನು ಒದಗಿಸುತ್ತದೆ. ಸಾಲಿನ ತುದಿಗೆ ಹೋದಂತೆಲ್ಲ ವೋಲ್ಟೇಜು ಇಳಿಯುತ್ತದೆ. ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ವೋಲ್ಟೇಜು ಶೇಕಡ 20ರಷ್ಟು ಇಳಿದರೆ ಬಲವು ಶೇಕಡ 64ಕ್ಕೆ ಕುಗ್ಗುತ್ತದೆ. ಹೊರೆಯನ್ನು ಹೊರಲು ಮೋಟಾರು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಸುರುಳಿ ಕಾದು ಸುಟ್ಟುಹೋಗುತ್ತದೆ. ಪೈರು ನೀರಿಗಾಗಿ ಬಾಯಿಬಿಡುತ್ತಿರುವ ವಾರದಲ್ಲಿಯೇ ಹೀಗಾದರೆ ರೈತನಿಗೆ ಆಗುವ ಹಾನಿ ಸುರುಳಿ ಕಟ್ಟಿಸುವ ಖರ್ಚಿಗೆ ಮುಗಿಯುವುದಿಲ್ಲ.

ಒಂದು ಸರಳ ಲೆಕ್ಕ

ಫೀಡರಿನ ಪ್ರತಿಯೊಂದು ತಂತಿಯ ರೋಧ ಕಿಲೋಮೀಟರಿಗೆ ಅರ್ಧ ಓಮು, ಉದ್ದ 10 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಒಟ್ಟು ರೋಧ 5 ಓಮು. ಸುಲಭವಾಗಲೆಂದು ಹೊರೆಯೆಲ್ಲವೂ ತುದಿಯಲ್ಲಿಯೇ ಇದ್ದು 100 ಆಂಪಿಯರು ಬೇಡುತ್ತದೆಂದೂ, ರೋಧವಲ್ಲದೆ ಬೇರೆ ತಡೆಗಳಿಲ್ಲವೆಂದೂ ಭಾವಿಸೋಣ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಒಂದು ತಂತಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ದೊರೆಯುತ್ತದೆ. ಮೂರು ತಂತಿಗಳಿಗೆ 3 × 100 × 100 × 5, ಅಂದರೆ 150 ಕಿಲೋವಾಟು. ಉಪಕೇಂದ್ರದಿಂದ ಹೊರಟ ಸುಮಾರು 1,900 ಕಿಲೋವಾಟುಗಳಲ್ಲಿ ಶೇಕಡ 8ರಷ್ಟು ದಾರಿಯಲ್ಲಿಯೇ ನಷ್ಟ!

ಈಗ ತುದಿಯಲ್ಲಿ 50 ಆಂಪಿಯರು ಕೊಡುವ ಸೌರಸ್ಥಾವರವನ್ನು ಸ್ಥಾಪಿಸಿದೆವೆನ್ನಿ. ಉಪಕೇಂದ್ರದಿಂದ ಬರಬೇಕಾದುದು ಉಳಿದ 50 ಆಂಪಿಯರು ಮಾತ್ರ. ನಷ್ಟವು 37.5 ಕಿಲೋವಾಟಿಗೆ ಇಳಿಯುತ್ತದೆ. ಪ್ರವಾಹ ಅರ್ಧವಾದರೆ ನಷ್ಟವು ಕಾಲುಭಾಗವಾಗುವುದು ಇಲ್ಲಿಯ ಸ್ವಾರಸ್ಯ. ವೋಲ್ಟೇಜಿನ ಇಳಿತವೂ ಅರ್ಧವಾಗುತ್ತದೆ.

ಅದೇ ಸ್ಥಾವರವನ್ನು ಉಪಕೇಂದ್ರದ ಬಾಗಿಲಲ್ಲಿಯೇ ಸ್ಥಾಪಿಸಿದರೆ? ಮೇಲಿನ ದೊಡ್ಡ ತಂತಿಗಳ ಹೊರೆ ಹಗುರವಾಗುವುದು ನಿಜ. ಆದರೆ ಫೀಡರಿನಲ್ಲಿ ಮೊದಲಿನಂತೆ 100 ಆಂಪಿಯರು ಹರಿಯುತ್ತದೆ. ತುದಿಯ ರೈತನಿಗೆ ಪ್ರಯೋಜನವಿಲ್ಲ.

ಇನ್ನು, ಹೆಚ್ಚಿದ್ದಷ್ಟೂ ಒಳ್ಳೆಯದೆಂದು ತುದಿಯಲ್ಲಿ 200 ಆಂಪಿಯರಿನ ಸ್ಥಾವರವನ್ನು ಇಟ್ಟರೆ, ಹೊರೆ ಬಳಸಿ ಮಿಕ್ಕ 100 ಆಂಪಿಯರು ಉಪಕೇಂದ್ರದತ್ತ ಹಿಮ್ಮುಖವಾಗಿ ಹರಿಯುತ್ತದೆ. ನಷ್ಟ ಮತ್ತೆ 150 ಕಿಲೋವಾಟು! ಮೇಲಾಗಿ ತುದಿಯಲ್ಲಿ ವೋಲ್ಟೇಜು ಇಳಿಯುವುದಕ್ಕೆ ಬದಲಾಗಿ ಏರುತ್ತದೆ. ಎಲ್ಲಿ ಮತ್ತು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಬಿಡಿಸದೆ ಯೋಜನೆ ಸಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವೇಳೆಯ ಪ್ರಶ್ನೆ

ಮೂರನೆಯದು ಯಾವಾಗ ಎಂಬ ಪ್ರಶ್ನೆ. ಸೌರಸ್ಥಾವರಕ್ಕೆ ರಾತ್ರಿಯಿಲ್ಲ. ಪಂಪುಗಳಿಗೆ ಮಧ್ಯರಾತ್ರಿ ವಿದ್ಯುತ್ತನ್ನು ಕೊಟ್ಟು, ಹಗಲಿನ ಸೌರಶಕ್ತಿಯನ್ನು ಹಿಮ್ಮುಖವಾಗಿ ಕಳುಹಿಸುವುದು ವ್ಯರ್ಥ ಪ್ರಯಾಸ. ಕರ್ನಾಟಕದಲ್ಲಿ ನಿರಂತರ ಜ್ಯೋತಿ ಯೋಜನೆಯ ಮೂಲಕ ಮನೆಗಳ ಫೀಡರನ್ನು ಪಂಪುಸೆಟ್ಟುಗಳ ಫೀಡರಿನಿಂದ ಬೇರ್ಪಡಿಸುವ ಕೆಲಸ ನಡೆದಿದೆ. ಹೀಗೆ ಬೇರ್ಪಟ್ಟ ಸಾಲಿಗೆ ಹಗಲಿನಲ್ಲಿಯೇ ಶಕ್ತಿಯನ್ನು ಕೊಡಬಹುದು. ರೈತನು ಕತ್ತಲೆಯಲ್ಲಿ ಹಾವು ಚೇಳುಗಳ ಭಯದಲ್ಲಿ ಮಡೆ ಕಟ್ಟುವುದೂ ತಪ್ಪುತ್ತದೆ. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯಲ್ಲಿ ಇಂತಹ ಕೃಷಿ ಫೀಡರುಗಳಿಗೆ ಸೌರಶಕ್ತಿ ಒದಗಿಸಲು ಅವಕಾಶವಿದೆ. ಒಂದು ಮೆಗಾವಾಟು ಸ್ಥಾವರಕ್ಕೆ ನಾಲ್ಕೈದು ಎಕರೆ ನೆಲ ಬೇಕಾದುದರಿಂದ, ಉಳುಮೆಗೆ ಒದಗದ ಬರಡುಭೂಮಿಯೇ ಯೋಗ್ಯ.

ಆದರೆ ಹದವಾದ ಮಳೆ ಬಿದ್ದ ವಾರದಲ್ಲಿ ಪಂಪುಗಳು ನಿಲ್ಲುತ್ತವೆ. ಮೋಡ ಸರಿದೊಡನೆ ಸ್ಥಾವರವು ದುಡಿಯತೊಡಗುತ್ತದೆ. ಆದುದರಿಂದ ಸ್ಥಾವರದ ಗಾತ್ರವನ್ನು ಬೇಸಗೆಯ ಅತಿ ಹೆಚ್ಚಿನ ಹೊರೆಯೊಂದನ್ನೇ ನೋಡಿ ಗೊತ್ತುಮಾಡದೆ, ಮಳೆಗಾಲದ ಹಗಲಿನ ಅತಿ ಕಡಿಮೆ ಹೊರೆಯನ್ನೂ ಅಳೆದು ನಿರ್ಧರಿಸಬೇಕು.

ಗಾಳಿಯ ಪಾತ್ರ

ಇಲ್ಲಿ ಗಾಳಿಯು ಬಿಸಿಲಿನ ಜೊತೆಗಾರ. ಗಾಳಿಯ ಶಕ್ತಿ ವೇಗದ ಘನವನ್ನು ಅನುಸರಿಸುತ್ತದೆ: ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಮಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ ಬೀಸುವಾಗ, ಮೋಡದಿಂದ ಬಿಸಿಲು ಮಂಕಾಗಿರುವ ದಿನಗಳಲ್ಲಿಯೇ, ಹರಪನಹಳ್ಳಿಯ ಕಡೆಯ ಗುಡ್ಡಗಳ ಗಾಳಿಯಂತ್ರಗಳು ಬಿರುಸಾಗಿ ತಿರುಗುತ್ತವೆ, ರಾತ್ರಿಯೂ ದುಡಿಯುತ್ತವೆ. ಆದರೆ ಇಂದಿನ ಒಂದೊಂದು ಯಂತ್ರದ ಸಾಮರ್ಥ್ಯವೇ ಒಂದೆರಡು ಮೆಗಾವಾಟು ಅಥವಾ ಇನ್ನೂ ಹೆಚ್ಚು. ನಮ್ಮ ಲೆಕ್ಕದ ಫೀಡರಿನ ಪೂರ್ತಿ ಹೊರೆಯಷ್ಟು! ಆದ್ದರಿಂದ ಇಂತಹ ಯಂತ್ರಗಳ ಸಮೂಹವನ್ನು 33 ಅಥವಾ 66 ಕಿಲೋವೋಲ್ಟಿನ ತಂತಿಗೆ ಜೋಡಿಸುವುದು ಯುಕ್ತ. ಚಿಕ್ಕ ಸೌರಸ್ಥಾವರ ಫೀಡರಿಗೆ, ದೊಡ್ಡ ಗಾಳಿಯಂತ್ರ ಮೇಲಿನ ತಂತಿಗೆ ಎಂಬ ವಿಂಗಡಣೆ ಇದರಿಂದ ಹೊರಡುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ದುರಸ್ತಿಗಾಗಿ ಉಪಕೇಂದ್ರದಲ್ಲಿ ಫೀಡರನ್ನು ನಿಲ್ಲಿಸಿದಾಗ, ತುದಿಯ ಸ್ಥಾವರ ಶಕ್ತಿಯನ್ನು ಹರಿಸುತ್ತಲೇ ಇದ್ದರೆ ಕಂಬವೇರಿದ ಲೈನ್‌ಮನ್‌ನ ಪ್ರಾಣಕ್ಕೆ ಸಂಚಕಾರ. ಅದಕ್ಕಾಗಿಯೇ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ಸ್ಥಾವರವು ತಾನಾಗಿ ಕಳಚಿಕೊಳ್ಳುವ ಸಾಧನ ಕಡ್ಡಾಯ.

ಬಿಸಿಲು ಗಾಳಿಗಳು ಬೆಲೆಯಿಲ್ಲದೆ ದೊರೆಯುವುವು. ತಂತಿಯಾದರೋ ಮಿತಿಯುಳ್ಳ ವಸ್ತು. ಎಲ್ಲಿ, ಎಷ್ಟು, ಯಾವಾಗ ಎಂಬ ಮೂರನ್ನೂ ಫೀಡರು ಫೀಡರಿಗೆ ಅಳೆದು ನೋಡಿದಲ್ಲಿ ಮಾತ್ರ ಊರಿನ ಶಕ್ತಿ ಊರಿಗೆ ಒದಗೀತು.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: ನಮ್ಮ ಫೀಡರಿನ ತುದಿಯಲ್ಲಿ 150 ಆಂಪಿಯರಿನ ಸ್ಥಾವರವಿದ್ದರೆ ನಷ್ಟವೆಷ್ಟು? ಪ್ರವಾಹದ ದಿಕ್ಕು ಯಾವುದು? ಪಂಪುಗಳೆಲ್ಲ ನಿಂತ ದಿನ ಅದೇ ನಷ್ಟ ಎಷ್ಟಾದೀತು? (ಉತ್ತರ: 37.5 ಕಿಲೋವಾಟು, ಉಪಕೇಂದ್ರದ ಕಡೆಗೆ, 337.5 ಕಿಲೋವಾಟು.)